ಸ್ಕ್ರೂಜನು ಬದಲಾದುದೇಕೆ? — ಒಂದು ಕಾರ್ಟೂನ್ ಚಿತ್ರದ ಕಥಾಸಂವಿಧಾನ

ದೊಡ್ಡ ಕಥೆಯನ್ನು ಚಿಕ್ಕದು ಮಾಡಿ ಹೇಳುವುದು ಸುಲಭದ ಕೆಲಸವೆಂದು ತಿಳಿದವರುಂಟು. ಒಂದು ಪಿರಿಯಡ್ಡಿನೊಳಗೆ ಕಥೆಯನ್ನು ತೊಡಗಿ, ನಡೆಯಿಸಿ, ಗಂಟೆ ಬಾರಿಸುವ ಮೊದಲು ಮುಗಿಸಬೇಕಾದ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಮಗೆ ಹಾಗೆ ತೋರುವುದಿಲ್ಲ. ಯಾವುದನ್ನು ಬಿಟ್ಟರೆ ಕಥೆಗೆ ಕೇಡಿಲ್ಲ, ಯಾವುದನ್ನು ಬಿಟ್ಟರೆ ಕಥೆಯ ಪ್ರಾಣವೇ ಹೋಗುತ್ತದೆ ಎಂಬುದನ್ನು ಅರಿಯಲು ಮೂಲವನ್ನು ಎರಡು ಮೂರು ಬಾರಿ ಓದಬೇಕಾಗುತ್ತದೆ. ಓದಿದ ಮೇಲೂ ತಪ್ಪುವುದುಂಟು.

ಇಷ್ಟನ್ನು ಪೀಠಿಕೆಯಾಗಿ ಹೇಳಿದುದಕ್ಕೆ ಕಾರಣವಿದೆ. ಕ್ರಿಸ್‌ಮಸ್ ರಜೆಗೆ ಶಾಲೆ ಮುಚ್ಚುವ ದಿನ ಪಾಠ ನಡೆಯುವುದಿಲ್ಲವೆಂಬುದು ಕಾಸರಗೋಡು ಸೀಮೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಅಂಥ ಒಂದು ದಿನ ನಾವು ನಾಲ್ಕನೆಯ ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ‘ಮಿಕೀಸ್ ಕ್ರಿಸ್‌ಮಸ್ ಕ್ಯಾರೊಲ್’ ಎಂಬ ಕಾರ್ಟೂನ್ ಚಿತ್ರವನ್ನು ತೋರಿಸಿದೆವು. ಇಂಗ್ಲಿಷಿನ ಮಾತುಗಳನ್ನು ಆಗಾಗ ನಿಲ್ಲಿಸಿ ಕನ್ನಡದಲ್ಲಿ ವಿವರಿಸಿದೆವು. ಮಕ್ಕಳು ನಕ್ಕರು, ನಡುವೆ ಒಮ್ಮೆ ಸುಮ್ಮನಾದರು, ಕೊನೆಗೆ ಚಪ್ಪಾಳೆ ತಟ್ಟಿದರು. ಚಿತ್ರ ಮುಗಿದ ಮೇಲೆ, ಉಪಾಧ್ಯಾಯರ ಹಳೆಯ ಅಭ್ಯಾಸದಂತೆ, ಒಂದು ಪ್ರಶ್ನೆ ಕೇಳಿದೆವು: ಅಷ್ಟು ಜಿಪುಣನಾಗಿದ್ದ ಮುದುಕನು ಬೆಳಗಾಗುವುದರೊಳಗೆ ಒಳ್ಳೆಯವನಾದುದೇಕೆ? ಮುಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಹೊಂಡಕ್ಕೆ ಬೀಳುವ ಹೆದರಿಕೆಗೆ, ಮಾಷ್ಟ್ರೇ” ಎಂದನು. ಉಳಿದವರೆಲ್ಲ ಹೌದೆಂದರು.

ಉತ್ತರ ತಪ್ಪೆಂದು ಹೇಳುವಂತಿರಲಿಲ್ಲ. ಚಿತ್ರವನ್ನು ನೋಡಿದವರು ಅದನ್ನೇ ಹೇಳಬೇಕು. ಮೂಲವನ್ನು ಓದಿದವರು ಅದನ್ನು ಹೇಳಲಾರರು. ಈ ಎರಡರ ನಡುವಿನ ಅಂತರವು ಎಲ್ಲಿಂದ ಬಂತು ಎಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಲಂಡನ್ನಿನಲ್ಲಿ ೧೮೪೩ರ ಡಿಸೆಂಬರ್ ೧೯ರಂದು ಪ್ರಕಟವಾಯಿತು. ಕ್ಯಾರೊಲ್ ಎಂದರೆ ಹಬ್ಬದ ಕಾಲದಲ್ಲಿ ಮನೆಬಾಗಿಲಿಗೆ ಬಂದು ಹಾಡುವ ಹಾಡು. ಆದುದರಿಂದ ಗ್ರಂಥಕರ್ತನು ತನ್ನ ಅಧ್ಯಾಯಗಳನ್ನು ಅಧ್ಯಾಯಗಳೆನ್ನದೆ ‘ಸ್ಟೇವ್’ ಎಂದು, ಹಾಡಿನ ಭಾಗಗಳೆಂಬ ಅರ್ಥದಲ್ಲಿ, ಕರೆದನು. ಅವು ಐದು. ನಮ್ಮ ಲಾಕ್ಷಣಿಕರೂ ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನು ಹೇಳಿದ್ದಾರೆ. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಒಂದನ್ನು ಇನ್ನೊಂದಕ್ಕೆ ಹೊಂದಿಸಹೊರಡುವುದು ಪಂಡಿತರ ಚಪಲವಾದೀತು. ನಾವು ಪಂಡಿತರೂ ಅಲ್ಲ. ಆದರೆ ಮೊದಲ ಸಂಧಿಯಲ್ಲಿ ಬಿತ್ತಿದ ಬೀಜವು ಕೊನೆಯ ಸಂಧಿಯಲ್ಲಿ ಫಲವಾಗಬೇಕೆಂಬ ಅವರ ಮಾತು ಈ ಕಥೆಗೆ ಒಪ್ಪುವಷ್ಟು ಚೆನ್ನಾಗಿ ಬೇರೆ ಹೆಚ್ಚಿನ ಕಥೆಗಳಿಗೆ ಒಪ್ಪುವುದಿಲ್ಲ.

ಮೊದಲ ಭಾಗದಲ್ಲಿ ಏನೇನು ಬಿತ್ತಿದೆ ನೋಡಿ. ಹಬ್ಬದ ಮುನ್ನಾದಿನ. ಲೇವಾದೇವಿಯ ಕಚೇರಿಯಲ್ಲಿ ಎಬೆನೀಜರ್ ಸ್ಕ್ರೂಜನು ಕುಳಿತಿದ್ದಾನೆ. ಅವನ ಪಾಲುದಾರ ಮಾರ್ಲಿ ಸತ್ತು ಸರಿಯಾಗಿ ಏಳು ವರ್ಷ. ಗುಮಾಸ್ತ ಬಾಬ್ ಕ್ರಾಚಿಟನು ಚಳಿಯಲ್ಲಿ ನಡುಗುತ್ತ ಬರೆಯುತ್ತಿದ್ದಾನೆ. ಅವನ ಸಂಬಳ ವಾರಕ್ಕೆ ೧೫ ಶಿಲ್ಲಿಂಗು. ಅಕ್ಕರೆಯ ಸೋದರಳಿಯ ಫ್ರೆಡ್ ಬಂದು ಹಬ್ಬದೂಟಕ್ಕೆ ಕರೆಯುತ್ತಾನೆ, ಸ್ಕ್ರೂಜನು ಒಲ್ಲೆನೆನ್ನುತ್ತಾನೆ. ಬಡವರಿಗಾಗಿ ಚಂದಾ ಎತ್ತುವ ಇಬ್ಬರು ಮಹನೀಯರು ಬರುತ್ತಾರೆ. ಸೆರೆಮನೆಗಳಿಲ್ಲವೆ, ಬಡವರನ್ನು ದುಡಿಸುವ ಸರಕಾರಿ ಮನೆಗಳಿಲ್ಲವೆ ಎಂದು ಅವನು ಕೇಳುತ್ತಾನೆ. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲೆಂಬವರು ಸಾಯಲಿ, ಜನಸಂಖ್ಯೆಯಾದರೂ ಇಳಿಯಲಿ ಎಂಬರ್ಥದ ಮಾತನ್ನಾಡುತ್ತಾನೆ. ಒಬ್ಬ ಬಡ ಹುಡುಗನು ಬೀಗದ ಕಿಂಡಿಗೆ ಬಾಯಿಟ್ಟು ಹಾಡತೊಡಗಿದರೆ ಅಳತೆಗೋಲನ್ನು ಎತ್ತಿಕೊಂಡು ಓಡಿಸುತ್ತಾನೆ.

ಇವುಗಳಲ್ಲಿ ಒಂದೂ ವ್ಯರ್ಥವಾಗುವುದಿಲ್ಲ. ಎರಡನೆಯ ಭಾಗದಲ್ಲಿ ಗತಕಾಲದ ಪ್ರೇತವು ಅವನನ್ನು ಅವನು ಓದಿದ ಶಾಲೆಗೆ ಕರೆದೊಯ್ಯುತ್ತದೆ. ಎಲ್ಲ ಹುಡುಗರೂ ರಜೆಗೆ ಮನೆಗೆ ಹೋಗಿದ್ದಾರೆ. ಒಬ್ಬ ಹುಡುಗ ಮಾತ್ರ ಬೆಂಕಿಯ ಬಳಿ ಒಂಟಿಯಾಗಿ ಪುಸ್ತಕ ಓದುತ್ತಿದ್ದಾನೆ. ಅವನೇ ಬಾಲಕ ಸ್ಕ್ರೂಜ್. ಮುದುಕನು ಅದನ್ನು ಕಂಡು ಅಳುತ್ತಾನೆ; ಒಡನೆಯೆ, ನಿನ್ನೆ ನನ್ನ ಬಾಗಿಲಲ್ಲಿ ಹಾಡಿದ ಹುಡುಗನಿಗೆ ಏನಾದರೂ ಕೊಡಬೇಕಾಗಿತ್ತು ಎಂದುಕೊಳ್ಳುತ್ತಾನೆ. ಸಹೃದಯರು ಈ ಸ್ಥಳವನ್ನು ಗುರುತಿಸಬೇಕು. ಕಥೆ ಇನ್ನೂ ಅರ್ಧವೂ ಆಗಿಲ್ಲ. ಸಮಾಧಿಯಿಲ್ಲ, ಸಾವಿನ ಮಾತಿಲ್ಲ, ಯಾರೂ ಬೆದರಿಸಿಲ್ಲ. ಒಂಟಿ ಮಗುವೊಂದನ್ನು ಕಂಡು ಇನ್ನೊಂದು ಮಗುವಿನ ನೆನಪಾಗಿದೆ, ಅಷ್ಟೆ. ಸ್ಕ್ರೂಜನ ಪರಿವರ್ತನೆ ಆರಂಭವಾಗುವುದು ಇಲ್ಲಿಯೇ. ಬಳಿಕ ಪುಟ್ಟ ತಂಗಿ ಫ್ಯಾನ್ ಅವನನ್ನು ಮನೆಗೆ ಕರೆದೊಯ್ಯಲು ಓಡಿಬರುತ್ತಾಳೆ. ಆಕೆ ಬೆಳೆದು, ಮದುವೆಯಾಗಿ, ಒಂದು ಮಗುವನ್ನು ಬಿಟ್ಟು ಸತ್ತವಳು. ಆ ಮಗುವೇ ಈಗ ಊಟಕ್ಕೆ ಕರೆದು ಅವಮಾನಪಟ್ಟು ಹೋದ ಫ್ರೆಡ್. ಪ್ರೇತವು ಇದನ್ನು ನೆನಪಿಸಿದಾಗ ಸ್ಕ್ರೂಜನ ಮನಸ್ಸು ಕಸಿವಿಸಿಗೊಳ್ಳುತ್ತದೆ. ಅನಂತರ ತನಗೆ ಕೆಲಸ ಕಲಿಸಿದ ಫೆಜ್ಜಿವಿಗ್ ಯಜಮಾನನು ಆಳುಗಳೊಡನೆ ಕುಣಿಯುವುದನ್ನು ಕಂಡು, ನನ್ನ ಗುಮಾಸ್ತನೊಡನೆ ಈಗ ಎರಡು ಮಾತು ಆಡಬೇಕೆನಿಸುತ್ತದೆ ಎನ್ನುತ್ತಾನೆ. ಹೀಗೆ ಹಳೆಯದನ್ನು ಕಂಡಾಗಲೆಲ್ಲ ನಿನ್ನೆಯದು ನೆನಪಾಗುತ್ತದೆ. ಕಥೆಯ ಹೊಲಿಗೆ ಇದು.

ಮೂರನೆಯ ಭಾಗದಲ್ಲಿ ವರ್ತಮಾನದ ಪ್ರೇತವು ಕ್ರಾಚಿಟನ ಮನೆಯನ್ನು ತೋರಿಸುತ್ತದೆ. ಕಾಲಿಲ್ಲದಂತಿರುವ ಚಿಕ್ಕ ಮಗು ಟೈನಿ ಟಿಮ್ ಬದುಕುವನೆ ಎಂದು ಸ್ಕ್ರೂಜನು ಆತಂಕದಿಂದ ಕೇಳಿದಾಗ ಪ್ರೇತವು ಕೊಡುವ ಉತ್ತರ ಯಾವುದು? ಸ್ಕ್ರೂಜನು ಹಿಂದಿನ ದಿನ ಆಡಿದ ಮಾತೇ. ಸಾಯಲಿ, ಜನಸಂಖ್ಯೆ ಇಳಿಯಲಿ. ಭಾಗದ ಕೊನೆಯಲ್ಲಿ ಪ್ರೇತದ ನಿಲುವಂಗಿಯ ಅಡಿಯಿಂದ ಎರಡು ಮಕ್ಕಳು ಹೊರಬರುತ್ತವೆ: ಬಡಕಲು, ಹರಕು ಬಟ್ಟೆ, ಮುಖದಲ್ಲಿ ತೋಳದ ಕಳೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಅಭಾವ. ಇವರಿಗೆ ಆಸರೆಯಿಲ್ಲವೆ ಎಂದು ಸ್ಕ್ರೂಜನು ಕೇಳಿದರೆ, ಸೆರೆಮನೆಗಳಿಲ್ಲವೆ ಎಂದು ಪ್ರೇತವು ಅವನ ಪ್ರಶ್ನೆಯನ್ನು ಅವನಿಗೇ ಹಿಂದಿರುಗಿಸುತ್ತದೆ. ಡಿಕನ್ಸನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನ್ ಎಂಬಲ್ಲಿ ತೀರ ಬಡ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯೊಂದನ್ನು ಕಣ್ಣಾರೆ ಕಂಡು ಬಂದಿದ್ದನು. ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವ ಮಕ್ಕಳ ಕುರಿತು ಸರಕಾರ ಹೊರಡಿಸಿದ ವರದಿಯನ್ನು ಓದಿ ಕರಪತ್ರವೊಂದನ್ನು ಬರೆಯಬೇಕೆಂದಿದ್ದವನು ಅದನ್ನು ಬಿಟ್ಟು ಈ ಕಥೆಯನ್ನು ಬರೆದನು. ಆ ಎರಡು ಮಕ್ಕಳು ಕಥೆಗೆ ಅಂಟಿಸಿದ ಅಲಂಕಾರವಲ್ಲ. ಕಥೆ ಹುಟ್ಟಿದ್ದೇ ಅವರಿಂದ.

ಹೀಗೆ ಮೂರು ಭಾಗಗಳಲ್ಲಿ ಕರಗಿದ ಮನುಷ್ಯನೇ ನಾಲ್ಕನೆಯ ಭಾಗದ ಸ್ಮಶಾನಕ್ಕೆ ಬರುವವನು. ಅಲ್ಲಿ ಭಯವಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಕೊಡದಿದ್ದವನನ್ನು ಕೊಡುವವನನ್ನಾಗಿ ಮಾಡಿದ್ದು ಆ ಭಯವಲ್ಲ. ಅದಾಗಲೇ ಮುಗಿದ ಕೆಲಸದ ಮೇಲೆ ಒತ್ತಿದ ಮುದ್ರೆ ಅದು.

ಇನ್ನು ಚಿತ್ರಕ್ಕೆ ಬರೋಣ. ವಾಲ್ಟ್ ಡಿಸ್ನಿ ಸಂಸ್ಥೆಯ ಈ ಚಿತ್ರವು ೧೯೮೩ರಲ್ಲಿ ತೆರೆಗೆ ಬಂತು. ನಿರ್ದೇಶಕ ಬರ್ನಿ ಮ್ಯಾಟಿನ್ಸನ್. ೧೯೭೪ರಲ್ಲಿ ಅದೇ ಸಂಸ್ಥೆ ಹೊರಡಿಸಿದ ಒಂದು ಗ್ರಾಮಫೋನ್ ತಟ್ಟೆಯ ಕಥಾರೂಪವೇ ಇದಕ್ಕೆ ಆಧಾರ. ಅವಧಿ ೨೬ ನಿಮಿಷ. ಆಸ್ಕರ್ ಬಹುಮಾನಕ್ಕೂ ಇದರ ಹೆಸರು ಸೂಚಿತವಾಗಿತ್ತು. ಹೆಸರು ಮಿಕ್ಕಿಯದಾದರೂ ನಾಯಕನು ಮಿಕ್ಕಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮಿಕ್ಕಿ ಇಲಿಯು ಇಲ್ಲಿ ಗುಮಾಸ್ತ ಕ್ರಾಚಿಟನ ಪಾತ್ರಧಾರಿ. ೧೯೫೩ರಿಂದ ಮೂವತ್ತು ವರ್ಷ ಚಿತ್ರಮಂದಿರದ ಹೊಸ ಚಿತ್ರಗಳಿಂದ ದೂರವಿದ್ದು ಮರಳಿ ಬಂದವನಾದುದರಿಂದ ಫಲಕದ ಮೇಲೆ ಅವನ ಹೆಸರು ಬಿದ್ದಿರಬೇಕು. ಸ್ಕ್ರೂಜನ ಪಾತ್ರವನ್ನು ವಹಿಸಿದವನು ಸ್ಕ್ರೂಜ್ ಮ್ಯಾಕ್‌ಡಕ್ ಎಂಬ ಬಾತುಕೋಳಿ. ಇದೊಂದು ಸ್ವಾರಸ್ಯ: ಕಾರ್ಲ್ ಬಾರ್ಕ್ಸ್ ಎಂಬ ಚಿತ್ರಕಾರನು ೧೯೪೭ರಲ್ಲಿ ಈ ಜಿಪುಣ ಬಾತುಕೋಳಿಯನ್ನು ಸೃಷ್ಟಿಸಿದಾಗ ಹೆಸರನ್ನು ಡಿಕನ್ಸನಿಂದಲೇ ಎರವಲು ತಂದಿದ್ದನು. ಮೂವತ್ತಾರು ವರ್ಷಗಳ ಬಳಿಕ ಎರವಲು ಹೆಸರಿನವನು ಮೂಲದವನ ವೇಷವನ್ನೇ ಕಟ್ಟಿಕೊಂಡು ನಿಂತನು.

ವೇಷವೆಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಬಣ್ಣದ ವೇಷವು ತೆರೆಯ ಹಿಂದೆ ಆರ್ಭಟಿಸಿದೊಡನೆಯೇ ಬಂದವನು ಎಂಥವನೆಂದು ನಮ್ಮ ಯಕ್ಷಗಾನದ ಪ್ರೇಕ್ಷಕರಿಗೆ ತಿಳಿಯುತ್ತದೆ, ಭಾಗವತರು ವಿವರಿಸಬೇಕಾಗಿಲ್ಲ. ಈ ಚಿತ್ರದವರು ಮಾಡಿದ ಜಾಣತನವೂ ಅದೇ. ಮಿಕ್ಕಿ ಸಾಧು, ಡೊನಾಲ್ಡ್ ಮುಂಗೋಪಿಯಾದರೂ ಸ್ನೇಹಶೀಲ, ಗೂಫಿ ಹೆಡ್ಡ, ಪೀಟ್ ದುಷ್ಟ ಎಂಬುದು ಆ ದೇಶದ ಮಗುವಿಗೆ ಮೊದಲೇ ಗೊತ್ತು. ಡಿಕನ್ಸನು ಪುಟಗಟ್ಟಲೆ ಬರೆದು ಕಟ್ಟಬೇಕಾದ ಸ್ವಭಾವವನ್ನು ಇವರು ಒಂದು ಟೋಪಿ, ಒಂದು ಕೋಟಿನಲ್ಲಿ ಮುಗಿಸಿದ್ದಾರೆ. ೨೬ ನಿಮಿಷದಲ್ಲಿ ಕಥೆ ನಿಲ್ಲುವಂತಾದುದು ಈ ಉಳಿತಾಯದಿಂದ.

ಇನ್ನೊಂದು ಗುಣವನ್ನೂ ಮನಸಾರೆ ಮೆಚ್ಚಬೇಕು. ಗುಮಾಸ್ತನಿಗೆ ಸಂಬಳ ಅರ್ಧ ಪೆನ್ನಿ ಹೆಚ್ಚಾದುದು ಯಾವಾಗ ಎಂದರೆ, ಅವನು ಯಜಮಾನನ ಬಟ್ಟೆ ಒಗೆಯತೊಡಗಿದಾಗ! ಮೂಲದಲ್ಲಿಲ್ಲದ ಈ ಹಾಸ್ಯವನ್ನು ಆರಂಭದಲ್ಲಿ ಇಟ್ಟು, ಕೊನೆಯಲ್ಲಿ ಸ್ಕ್ರೂಜನು ಮುಖ ಗಂಟಿಕ್ಕಿಕೊಂಡು, ಇನ್ನೊಂದು ಗಂಟು ಮಾಸಿದ ಬಟ್ಟೆ ತಂದಿದ್ದೇನೆಂದು ಕ್ರಾಚಿಟನ ಬಾಗಿಲಿಗೆ ಬರುವಂತೆ ಮಾಡಿದ್ದಾರೆ. ಗಂಟಿನಿಂದ ಹೊರಬರುವುವು ಆಟಿಕೆಗಳು. ಗುಮಾಸ್ತನು ಪಾಲುದಾರನಾಗುತ್ತಾನೆ. ಬೀಜವೂ ಫಲವೂ ಹೀಗೆಯೇ ಇರಬೇಕು. ಡಿಕನ್ಸನಲ್ಲಿ ಮರುದಿನ ಕಚೇರಿಗೆ ತಡವಾಗಿ ಬಂದ ಬಾಬನನ್ನು ಗದರಿಸುವಂತೆ ನಟಿಸಿ ಸಂಬಳ ಏರಿಸುವ ಪ್ರಸಂಗವಿದೆ. ಚಿತ್ರದವರು ಅದನ್ನೇ ಮನೆಗೆ ತಂದು, ಮಕ್ಕಳ ಕಣ್ಣಮುಂದೆ ನಡೆಯಿಸಿ, ಇನ್ನೂ ಬಿಗಿ ಮಾಡಿದ್ದಾರೆ. ಕಥೆಯನ್ನು ಚಿಕ್ಕದು ಮಾಡುವವನಿಗೆ ಹೊಸದನ್ನು ಸೇರಿಸುವ ಅಧಿಕಾರ ಇಲ್ಲವೆನ್ನುವವರು ಇದನ್ನು ನೋಡಬೇಕು.

ಹಾಗಾದರೆ ಕೊರತೆ ಎಲ್ಲಿ? ಬಿಟ್ಟದ್ದರ ಪಟ್ಟಿ ಮಾಡುವುದು ಕಷ್ಟವಲ್ಲ. ಶಾಲೆಯಿಲ್ಲ. ಬಾಗಿಲಲ್ಲಿ ಹಾಡುವ ಹುಡುಗನಿಲ್ಲ. ತಂಗಿ ಫ್ಯಾನ್ ಇಲ್ಲ. ಸೋದರಳಿಯನ ಮನೆಯ ಔತಣಕ್ಕೆ ಪ್ರೇತವು ಕರೆದೊಯ್ಯುವುದಿಲ್ಲ. ಅಜ್ಞಾನ, ಅಭಾವ ಎಂಬ ಮಕ್ಕಳಿಲ್ಲ. ಸತ್ತ ಸ್ಕ್ರೂಜನ ಹಾಸಿಗೆಯ ಪರದೆಗಳನ್ನೂ ಅಂಗಿಯನ್ನೂ ಕದ್ದು ತಂದು ಮಾರುವವರ ಭೀಕರ ದೃಶ್ಯವಿಲ್ಲ; ಇದು ಹೋದುದಕ್ಕೆ ನಮಗೆ ದುಃಖವೂ ಇಲ್ಲ. ಇಡೀ ರಾತ್ರಿಯ ಪ್ರಸಂಗವನ್ನು ಮೂರು ತಾಸಿನ ಕಾಲಮಿತಿಗೆ ಇಳಿಸುವಾಗ ಏನೋ ಹೋಗಲೇಬೇಕು. ಬಿಟ್ಟದ್ದಕ್ಕಾಗಿ ಚಿತ್ರದವರನ್ನು ದೂರುವುದು ನ್ಯಾಯವಲ್ಲ. ಬಿಟ್ಟ ಜಾಗದಲ್ಲಿ ಏನನ್ನು ಇಟ್ಟರು ಎಂಬುದೇ ಪ್ರಶ್ನೆ.

ಮಾರ್ಲಿಯನ್ನು ತೆಗೆದುಕೊಳ್ಳಿ. ಡಿಕನ್ಸನ ಮಾರ್ಲಿಯು ಯಾರ ಮನೆಯನ್ನೂ ದೋಚಿದವನಲ್ಲ. ಅವನು ಒಳ್ಳೆಯ ವ್ಯಾಪಾರಿ. ಸ್ಕ್ರೂಜನೇ ಹಾಗೆಂದು ಹೊಗಳುತ್ತಾನೆ. ಬದುಕಿದ್ದಷ್ಟು ಕಾಲವೂ ತನ್ನ ಮನಸ್ಸು ಕಚೇರಿಯ ಹೊಸ್ತಿಲನ್ನು ದಾಟಲಿಲ್ಲ ಎಂಬುದೇ ಅವನ ಅಪರಾಧ. ಅವನು ಎಳೆಯುವ ಸರಪಳಿಯಲ್ಲಿ ಕತ್ತಿಯಿಲ್ಲ, ಕೊಡಲಿಯಿಲ್ಲ. ಹಣದ ಪೆಟ್ಟಿಗೆ, ಬೀಗ, ಕೀಲಿಕೈ, ಲೆಕ್ಕದ ಪುಸ್ತಕ. ಚಿತ್ರದ ಮಾರ್ಲಿಯಾದರೋ, ತಾನು ವಿಧವೆಯರನ್ನು ದೋಚಿದೆ, ಬಡವರಿಗೆ ಮೋಸ ಮಾಡಿದೆ ಎಂದು ಹೇಳಿಕೊಳ್ಳುತ್ತಾನೆ. ಅದೂ ಒಂದೇ ದಿನದಲ್ಲಿ ಎಂದು ಸ್ಕ್ರೂಜನು ಮೆಚ್ಚಿಕೊಳ್ಳುತ್ತಾನೆ. ಗೂಫಿಯ ಬಾಯಲ್ಲಿ ಈ ಮಾತು ನಗು ತರಿಸುತ್ತದೆ, ಸಂದೇಹವಿಲ್ಲ. ಆದರೆ ಅಸಡ್ಡೆಯ ಜಾಗಕ್ಕೆ ಕಳ್ಳತನ ಬಂದು ಕುಳಿತಿತು.

ಪ್ರೇಯಸಿಯ ಕಥೆಯೂ ಹೀಗೆಯೇ. ಮೂಲದಲ್ಲಿ ಬೆಲ್ ಎಂಬ ಹೆಣ್ಣುಮಗಳು, ನಿನ್ನ ಮನಸ್ಸನ್ನು ಈಗ ಬೇರೊಂದು ವಿಗ್ರಹ ಆಕ್ರಮಿಸಿದೆ, ಅದು ಚಿನ್ನದ್ದು ಎಂದು ಮೆಲ್ಲಗೆ ಹೇಳಿ ತಾನಾಗಿ ಅವನನ್ನು ಬಿಡುಗಡೆ ಮಾಡುತ್ತಾಳೆ. ಸ್ಕ್ರೂಜನು ಏನನ್ನೂ ಮಾಡುವುದಿಲ್ಲ. ಏನನ್ನೂ ಮಾಡದೆ ನಿಂತದ್ದೇ ಅವನ ತಪ್ಪು. ಚಿತ್ರದಲ್ಲಿ ಇಸಬೆಲ್ ಎಂಬವಳು ಮದುವೆಯ ಬಳಿಕ ಇಬ್ಬರೂ ಇರಬೇಕೆಂದು ಕೊಂಡ ಪುಟ್ಟ ಮನೆಯಲ್ಲಿ ವರ್ಷಗಟ್ಟಲೆ ಕಾದು, ನಿನ್ನ ನಿರ್ಧಾರವೇನು ಎಂದು ಕಚೇರಿಗೆ ಬಂದು ಕೇಳುತ್ತಾಳೆ. ನಿರ್ಧರಿಸಿದ್ದೇನೆ, ಮನೆಯ ಸಾಲದ ಕಂತು ಒಂದು ಗಂಟೆ ತಡವಾಗಿ ಬಂತು, ಮನೆಯನ್ನು ಜಪ್ತಿ ಮಾಡುತ್ತೇನೆ ಎನ್ನುತ್ತಾನೆ! ನಾಟಕೀಯವಾಗಿ ಇದು ಬೆಲ್ಲಳ ಮೆಲುನುಡಿಗಿಂತ ಎಷ್ಟೋ ಚುರುಕು. ಒಂದೇ ಏಟಿಗೆ ಎಲ್ಲವೂ ತಿಳಿಯುತ್ತದೆ. ಅದೇ ತೊಂದರೆ.

ಅಸಡ್ಡೆಯನ್ನು ತೋರಿಸಲು ಸಮಯ ಬೇಕು. ಮಾಡದೇ ಇದ್ದುದನ್ನು ಕಣ್ಣಿಗೆ ಕಾಣಿಸುವುದು ಹೇಗೆ? ಮೊದಲು ಮಾಡಬಹುದಾಗಿದ್ದ ಅವಕಾಶವನ್ನು ತೋರಿಸಬೇಕು, ಬಳಿಕ ಅದು ಕಳೆದುಹೋದುದನ್ನು ತೋರಿಸಬೇಕು, ಕೊನೆಗೆ ಅದರ ನೆನಪು ಕಾಡುವುದನ್ನು ತೋರಿಸಬೇಕು. ಹಾಡುವ ಹುಡುಗನ ಒಂದು ಚಿಕ್ಕ ವಿಷಯಕ್ಕೇ ಡಿಕನ್ಸನಿಗೆ ಎರಡು ಭಾಗಗಳು ಬೇಕಾದುವು. ದುಷ್ಟತನಕ್ಕೆ ಅರ್ಧ ನಿಮಿಷ ಸಾಕು: ಒಂದು ಜಪ್ತಿ, ಒಂದು ನಗೆ. ಅವಸರದಲ್ಲಿರುವ ಕಥೆಗಾರನ ಕೈ ತಾನಾಗಿಯೇ ದುಷ್ಟತನದ ಕಡೆಗೆ ಹೋಗುತ್ತದೆ. ನಾವೂ ತರಗತಿಯಲ್ಲಿ ಗಂಟೆ ಬಾರಿಸಲು ಐದು ನಿಮಿಷವಿರುವಾಗ ರಾಕ್ಷಸನನ್ನು ಕರೆತರುವವರೇ.

ಇದರ ಪರಿಣಾಮವು ಸಣ್ಣದಲ್ಲ. ಪುಸ್ತಕದ ಸ್ಕ್ರೂಜನು ಕಾನೂನನ್ನು ಮುರಿದವನಲ್ಲ. ಕೊಡಬೇಕಾದ ಸಂಬಳವನ್ನು ಕೊಡುತ್ತಾನೆ. ಗೊಣಗಿದರೂ ಹಬ್ಬದ ದಿನ ಪೂರ್ತಿ ರಜೆಯನ್ನೂ ಕೊಡುತ್ತಾನೆ. ತನ್ನ ತೆರಿಗೆಯಿಂದಲೇ ಸೆರೆಮನೆಗಳೂ ದುಡಿಮೆಯ ಮನೆಗಳೂ ನಡೆಯುತ್ತಿವೆ, ಇನ್ನೇಕೆ ಚಂದಾ ಎನ್ನುತ್ತಾನೆ. ಈ ಮಾತನ್ನು ಒಂದಲ್ಲ ಒಂದು ರೂಪದಲ್ಲಿ ಆಡದವರು ನಮ್ಮಲ್ಲಿ ಎಷ್ಟು ಮಂದಿ? ಓದುಗನು ಸ್ಕ್ರೂಜನಲ್ಲಿ ತನ್ನ ಮುಖವನ್ನು ಕಂಡು ಕುರ್ಚಿಯಲ್ಲಿ ಸ್ವಲ್ಪ ಅಲುಗುತ್ತಾನೆ. ಚಿತ್ರದ ಪ್ರೇಕ್ಷಕನಿಗೆ ಆ ತೊಂದರೆಯಿಲ್ಲ. ನಾವು ವಿಧವೆಯರನ್ನು ದೋಚಿಲ್ಲ. ಪ್ರೇಯಸಿಯ ಮನೆಯನ್ನು ಜಪ್ತಿ ಮಾಡಿಲ್ಲ. ಆದುದರಿಂದ ಇದು ಬೇರೆ ಯಾರದೋ ಕಥೆ.

ಚಂದಾ ಎತ್ತುವವರ ಪ್ರಸಂಗದಲ್ಲಿ ಈ ಬದಲಾವಣೆಯು ಕಥೆಯ ಕೀಲನ್ನೇ ಕಳಚಿದೆ. ಬಡವರಿಗೆ ಹಣ ಕೊಟ್ಟರೆ ಅವರು ಬಡವರಾಗಿ ಉಳಿಯುವುದಿಲ್ಲ, ಬಡವರಿಲ್ಲದಿದ್ದರೆ ಚಂದಾ ಎತ್ತುವ ನಿಮಗೆ ಕೆಲಸವಿಲ್ಲ, ಹಬ್ಬದ ಮುನ್ನಾದಿನ ನಿಮ್ಮ ಕೆಲಸ ಕಳೆಯುವ ಪಾಪ ನನಗೆ ಬೇಡ ಎಂದು ಚಿತ್ರದ ಸ್ಕ್ರೂಜನು ಅವರನ್ನು ಹೊರಗೆ ಕಳುಹಿಸುತ್ತಾನೆ. ಬಹಳ ಸೊಗಸಾದ ಕುತರ್ಕ. ನಮಗೂ ನಗು ತಡೆಯಲಾಗಲಿಲ್ಲ. ಆದರೆ ಮೂಲದ ಕ್ರೂರವಾಕ್ಯವು ಅಲ್ಲಿ ಇದ್ದುದು ಮುಂದೆ ಪ್ರೇತದ ಬಾಯಿಂದ ಹಿಂದಿರುಗಿ ಬರುವುದಕ್ಕಾಗಿ. ಟೈನಿ ಟಿಮ್ಮನ ತಲೆಯ ಮೇಲೆ ಆ ವಾಕ್ಯ ಬಿದ್ದಾಗಲೇ ಜನಸಂಖ್ಯೆಯೆಂಬುದಕ್ಕೆ ಒಂದು ಮುಖ, ಒಂದು ಊರುಗೋಲು ಇದೆಯೆಂದು ಸ್ಕ್ರೂಜನಿಗೆ ತಿಳಿಯುವುದು. ಹಾಸ್ಯವನ್ನು ಹೀಗೆ ಹಿಂದಿರುಗಿಸಲು ಬರುವುದಿಲ್ಲ. ಚಿತ್ರದಲ್ಲಿ ಪ್ರೇತವು ಖಾಲಿ ಕುರ್ಚಿಯ ಮಾತನ್ನು ಮಾತ್ರ ಹೇಳಿ ಮಾಯವಾಗುತ್ತದೆ. ಮಗು ಸಾಯುವುದು ತಿಳಿಯಿತು, ಆದರೆ ಆ ಸಾವಿಗೂ ನಿನ್ನೆ ಕಚೇರಿಯಲ್ಲಿ ಆಡಿದ ಮಾತಿಗೂ ನಡುವೆ ಇದ್ದ ದಾರ ಹರಿದುಹೋಯಿತು.

ಹರಿದ ದಾರಗಳು ಎಷ್ಟೆಂದು ನೋಡಿದರೆ, ಸ್ಕ್ರೂಜನು ಸ್ಮಶಾನಕ್ಕೆ ಬರುವಾಗ ಅವನಲ್ಲಿ ಆಗಿರಬೇಕಾದ ಮಾರ್ಪಾಡು ಆಗಿಯೇ ಇಲ್ಲ. ಗತಕಾಲವನ್ನು ಕಂಡು ಪಶ್ಚಾತ್ತಾಪ ಪಟ್ಟನು, ನಿಜ. ಅದು ತಾನು ಕಳೆದುಕೊಂಡುದರ ಕುರಿತದ್ದು. ಟೈನಿ ಟಿಮ್ಮನನ್ನು ಕಂಡು ಕರುಣೆ ಹುಟ್ಟಿತು. ಸಮಾಧಿಯ ಬಳಿ ಮಿಕ್ಕಿಯು ಮಗುವಿನ ಊರುಗೋಲನ್ನು ಇಟ್ಟು ನಿಲ್ಲುವ ದೃಶ್ಯದಲ್ಲಿ ಆ ಕರುಣೆಯು ತುಂಬಿ ಬರುತ್ತದೆ. ಮಾತಿಲ್ಲದ ಆ ಕೆಲವು ಕ್ಷಣಗಳಲ್ಲಿಯೇ ನಮ್ಮ ತರಗತಿ ಸುಮ್ಮನಾದುದು. ಚಿತ್ರವನ್ನು ಅಲ್ಲಿಂದ ಬೆಳಗಿಗೆ ತಿರುಗಿಸಿದ್ದರೆ ನಮ್ಮ ಹುಡುಗನ ಉತ್ತರ ಬೇರೆಯಾಗುತ್ತಿತ್ತು. ಆದರೆ ಒಂದೆರಡು ಕ್ಷಣಗಳಲ್ಲಿಯೇ ಸ್ಮಶಾನದ ಸೇವಕರ ಹಾಸ್ಯ ಬರುತ್ತದೆ, ಪೀಟನು ಮುಸುಕು ತೆಗೆದು ಗಹಗಹಿಸುತ್ತಾನೆ, ಸ್ಕ್ರೂಜನನ್ನು ಗುಂಡಿಗೆ ನೂಕುತ್ತಾನೆ, ಶವಪೆಟ್ಟಿಗೆಯ ಬಾಯಿ ತೆರೆದು ಒಳಗಿನಿಂದ ಬೆಂಕಿ ಏಳುತ್ತದೆ. ಡಿಕನ್ಸನ ಮೂರನೆಯ ಪ್ರೇತವು ಕೊನೆಯವರೆಗೂ ಒಂದು ಮಾತನ್ನೂ ಆಡುವುದಿಲ್ಲ. ಬೆರಳು ತೋರಿಸುತ್ತದೆ, ಅಷ್ಟೆ. ಅಲ್ಲಿ ನರಕದ ಬೆಂಕಿಯೂ ಇಲ್ಲ. ಉಪೇಕ್ಷಿತವಾದ ಒಂದು ಕಲ್ಲು, ಅದರ ಮೇಲೆ ಒಂದು ಹೆಸರು. ಚಿತ್ರದವರಿಗೆ ಬೆಂಕಿಯೇ ಬೇಕಾಯಿತೇಕೆಂದರೆ, ಒಳಗಿನಿಂದ ಕರಗದವನನ್ನು ಹೊರಗಿನಿಂದ ಕಾಯಿಸಲೇಬೇಕಷ್ಟೆ.

ಫ್ರೆಡ್ಡನ ವಿಷಯದಲ್ಲಿ ಇದೇ ದೋಷವು ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ತಂಗಿಯಿಲ್ಲದೆ ಸೋದರಳಿಯನು ಮಾತ್ರ ಉಳಿದಿದ್ದಾನೆ. ಆರಂಭದಲ್ಲಿ ಕರೆಯುತ್ತಾನೆ, ಕೊನೆಯಲ್ಲಿ ಸ್ಕ್ರೂಜನು ಬರುವೆನೆನ್ನುತ್ತಾನೆ. ನಡುವೆ ಅವನಿಂದ ಯಾವ ಕೆಲಸವೂ ಆಗುವುದಿಲ್ಲ. ಡೊನಾಲ್ಡನನ್ನು ನೋಡಿ ಮಕ್ಕಳಿಗೆ ಸಂತೋಷವಾಯಿತೆಂಬುದಷ್ಟೇ ಲಾಭ.

ಮಕ್ಕಳ ಚಿತ್ರಕ್ಕೆ ಇಷ್ಟು ದೊಡ್ಡ ತಕ್ಕಡಿ ಏಕೆ, ೨೬ ನಿಮಿಷದಲ್ಲಿ ಇನ್ನೇನು ಸಾಧ್ಯ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ಕೊಡುವ ಚಿತ್ರವೊಂದುಂಟು. ರಿಚರ್ಡ್ ವಿಲಿಯಮ್ಸ್ ಎಂಬವನು ಇದೇ ಕಥೆಯನ್ನು ೧೯೭೧ರಲ್ಲಿ ಟೆಲಿವಿಷನ್ನಿಗಾಗಿ ಬರೆದ ಚಿತ್ರಗಳಲ್ಲಿಯೇ ಮಾಡಿದನು. ಅವಧಿ ಸುಮಾರು ೨೫ ನಿಮಿಷ. ಡಿಸ್ನಿಯ ಚಿತ್ರಕ್ಕಿಂತ ಹೆಚ್ಚಲ್ಲ. ೧೮೪೩ರ ಪುಸ್ತಕಕ್ಕೆ ಜಾನ್ ಲೀಚ್ ಬರೆದ ಚಿತ್ರಗಳ ಛಾಯೆ ಅದರಲ್ಲಿದೆ. ಸ್ಕ್ರೂಜನ ಕಂಠವು ಅಲಸ್ಟೇರ್ ಸಿಮ್ ಎಂಬ ನಟನದು. ೧೯೫೧ರ ಕಥಾಚಿತ್ರದಲ್ಲಿಯೂ ಅವನೇ ಸ್ಕ್ರೂಜ್ ಆಗಿದ್ದವನು. ಈ ೨೫ ನಿಮಿಷದಲ್ಲಿ ಅಜ್ಞಾನ, ಅಭಾವ ಎಂಬ ಮಕ್ಕಳೂ ಇದ್ದಾರೆ. ದೀಪಸ್ತಂಭದವರೂ ಗಣಿಯವರೂ ಹಡಗಿನವರೂ ಹಬ್ಬವನ್ನು ನೆನೆಯುವುದು ಇದೆ. ಟೈನಿ ಟಿಮ್ಮನು ಒಂದು ಮನೆಯ ದುಃಖವಾಗಿ ಮಾತ್ರ ಉಳಿಯದೆ, ಅವನ ಹಿಂದೆ ಇನ್ನೂ ಎಷ್ಟೋ ಮಂದಿ ನಿಂತಿದ್ದಾರೆಂಬುದು ಹೊಳೆಯುತ್ತದೆ. ಆಸ್ಕರ್ ಬಹುಮಾನವು ಈ ಚಿತ್ರಕ್ಕೆ ದೊರೆಯಿತು. ಹಾಗೆಂದು ಇದು ಸರ್ವಥಾ ಉತ್ತಮವೆಂದು ನಾವು ವಾದಿಸುವುದಿಲ್ಲ. ಓಟ ಬಹಳ ಹೆಚ್ಚು. ಮೂಲವನ್ನು ಅರಿಯದವನಿಗೆ ಉಸಿರು ಕಟ್ಟೀತು. ಸಮಯವಿಲ್ಲವೆಂಬ ನೆಪ ಮಾತ್ರ ನಿಲ್ಲದು. ೨೦೦೯ರಲ್ಲಿ ರಾಬರ್ಟ್ ಜೆಮೆಕಿಸ್ ಮಾಡಿದ ಚಿತ್ರಕ್ಕೆ ಒಂದೂವರೆ ತಾಸಿಗೂ ಮಿಕ್ಕಿ ಸಮಯವಿತ್ತು. ಅದರಲ್ಲಿ ಇಲಿಯಷ್ಟು ಚಿಕ್ಕವನಾದ ಸ್ಕ್ರೂಜನನ್ನು ಶವದ ಗಾಡಿಯು ಬೀದಿಬೀದಿ ಅಟ್ಟಿಸಿಕೊಂಡು ಹೋಗುವುದಕ್ಕೆ ಅದರ ಒಂದು ಪಾಲು ಖರ್ಚಾಯಿತು.

ಅನುಕ್ರಮದ ಮಾತನ್ನೂ ಇಲ್ಲಿ ಹೇಳಬೇಕು. ೧೯೬೨ರ ಡಿಸೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಬಂದ ‘ಮಿಸ್ಟರ್ ಮಗೂಸ್ ಕ್ರಿಸ್‌ಮಸ್ ಕ್ಯಾರೊಲ್’ ಎಂಬ ಕಾರ್ಟೂನಿನಲ್ಲಿ ವರ್ತಮಾನದ ಪ್ರೇತವು ಮೊದಲು ಬರುತ್ತದೆ, ಗತಕಾಲದ ಪ್ರೇತವು ಬಳಿಕ. ಕ್ರಾಚಿಟನ ಬಡತನವನ್ನು ಮೊದಲು ಕಂಡು, ಅನಂತರ ತನ್ನ ಬಾಲ್ಯಕ್ಕೆ ಹೋಗುತ್ತಾನೆ ಸ್ಕ್ರೂಜ್. ಮೇಲ್ನೋಟಕ್ಕೆ ಏನೂ ಕೆಡಲಿಲ್ಲ. ಹಾಡುಗಳಂತೂ ಹೃದಯಂಗಮವಾಗಿವೆ, ಒಂಟಿ ಹುಡುಗನ ಹಾಡು ವಿಶೇಷವಾಗಿ. ಆದರೆ ಡಿಕನ್ಸನಲ್ಲಿ ತನ್ನ ಬಾಲ್ಯದ ನೋವನ್ನು ನೆನೆದವನಿಗೆ ಪರರ ಮಗುವಿನ ನೋವು ಕಾಣುತ್ತದೆ. ಇಲ್ಲಿ ಪರರ ಮಗುವನ್ನು ಕಂಡಮೇಲೆ ತನ್ನನ್ನು ನೆನೆದು ಅಳುತ್ತಾನೆ. ಕಣ್ಣೀರು ಒಳಮುಖವಾಗಿ ಹರಿಯಿತು. ಘಟನೆಗಳು ಅವೇ, ಎರಡನ್ನು ಸ್ಥಳ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ರಜೆ ಮುಗಿದು ಶಾಲೆ ತೆರೆದ ಮೇಲೆ ನಾವು ಮೂಲಕಥೆಯನ್ನು ಅದೇ ತರಗತಿಗೆ ನಾಲ್ಕು ದಿನ ಹೇಳಿದೆವು. ಚಿತ್ರವಿಲ್ಲ, ಬಾತುಕೋಳಿಯಿಲ್ಲ; ಬಾಯಿಮಾತು. ಮೊದಲ ದಿನ ಅರ್ಧ ತರಗತಿ ಕಿಟಿಕಿಯ ಹೊರಗೆ ನೋಡುತ್ತಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯ ದಿನ, ಎಲ್ಲರೂ ಮನೆಗೆ ಹೋದ ಶಾಲೆಯಲ್ಲಿ ಒಬ್ಬನೇ ಉಳಿದ ಹುಡುಗನ ಸಂಗತಿ ಬಂದಾಗ ಕಿಟಿಕಿ ನೋಡುವುದು ನಿಂತಿತು. ಮೂರನೆಯ ದಿನ ಅಜ್ಞಾನ, ಅಭಾವರು ಬಂದರು. ಕಥೆ ಮುಗಿದ ನಾಲ್ಕನೆಯ ದಿನ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕೆಂದಿದ್ದೆವು. ಅದಕ್ಕೆ ಮೊದಲೇ ಹುಡುಗಿಯೊಬ್ಬಳು, “ಆ ಎರಡು ಮಕ್ಕಳು ಆಮೇಲೆ ಎಲ್ಲಿಗೆ ಹೋದರು, ಮಾಷ್ಟ್ರೇ?” ಎಂದು ಕೇಳಿದಳು. ಪುಸ್ತಕವನ್ನು ತಿರುವಿದರೆ, ಗಂಟೆ ಹನ್ನೆರಡು ಹೊಡೆಯುತ್ತದೆ, ಪ್ರೇತವೂ ಕಾಣುವುದಿಲ್ಲ, ಮಕ್ಕಳೂ ಕಾಣುವುದಿಲ್ಲ. ಡಿಕನ್ಸನು ಮತ್ತೆ ಅವರ ಮಾತೆತ್ತಿಲ್ಲ. ಹಾಗೆಯೇ ಹೇಳಿದೆವು. ಅವಳಿಗೆ ಸಮಾಧಾನವಾಗಲಿಲ್ಲ.

ಬರುವ ಡಿಸೆಂಬರಿನಲ್ಲಿ ವಿಲಿಯಮ್ಸನ ಚಿತ್ರವನ್ನು ತೋರಿಸಬೇಕೆಂದಿದ್ದೇವೆ. ಮಾರ್ಲಿಯ ಪ್ರೇತವು ಕಟ್ಟನ್ನು ಬಿಚ್ಚಿದೊಡನೆ ಕೆಳದವಡೆ ಎದೆಯವರೆಗೆ ಜೋಲುವ ದೃಶ್ಯವು ಅದರಲ್ಲಿದೆ. ಚಿಕ್ಕ ಮಕ್ಕಳಿಗೆ ರಾತ್ರಿ ನಿದ್ದೆ ಕೆಟ್ಟೀತೋ ಎಂಬ ಅಳುಕಿನಿಂದ ಮೊದಲು ಐದನೆಯ ತರಗತಿಗೆ ಮಾತ್ರ ತೋರಿಸಿ ನೋಡುವುದೆಂದು ನಿಶ್ಚಯಿಸಿದ್ದೇವೆ. ಆ ಹುಡುಗಿ ಆಗ ಐದನೆಯ ತರಗತಿಯಲ್ಲಿರುತ್ತಾಳೆ.